ಹಳೆಯ ಟ್ರ್ಯಾಕ್ಟರ್ ಕೊಳ್ಳುವ ಮುನ್ನ

ಸಂಕ್ರಾಂತಿಯ ಹೊತ್ತಿಗೆ ಸೊಲ್ಲಾಪುರದ ಅಥವಾ ವಿಜಯಪುರದ ಸಿದ್ಧೇಶ್ವರ ಜಾತ್ರೆಗೆ ಖಿಲಾರಿ ಎತ್ತು ಕೊಳ್ಳಲು ಹೋದ ನಮ್ಮ ಹಿರಿಯರು ಏನು ಮಾಡುತ್ತಿದ್ದರು? ಬಾಯಿ ತೆರೆಸಿ ಹಲ್ಲು ಎಣಿಸುತ್ತಿದ್ದರು. ನಾಲ್ಕು ಹೆಜ್ಜೆ ನಡೆಸಿ ನೋಡುತ್ತಿದ್ದರು. ಕೋಡಿನ ಬಣ್ಣ ನೋಡಿ ಯಾರೂ ಹಣ ಎಣಿಸುತ್ತಿರಲಿಲ್ಲ. ಆದರೆ ಹಳೆಯ ಟ್ರ್ಯಾಕ್ಟರ್ ಕೊಳ್ಳುವಾಗ ನಾವು ಹೊಸ ಬಣ್ಣಕ್ಕೇ ಮರುಳಾಗುತ್ತೇವೆ.

ಹೀಗೆ ಮರುಳಾದವರಲ್ಲಿ ನಾನೂ ಒಬ್ಬ. ಕಬ್ಬಿನ ಬಿಲ್ಲಿನ ಹಣ ಕೈಗೆ ಬಂದಿತ್ತು. ಪಕ್ಕದ ತಾಲೂಕಿಗೆ ಮಧ್ಯಾಹ್ನ ಹೋಗಿ ನೋಡಿದೆ. ಗಾಡಿ ಒಂದೇ ಸೆಲ್ಫಿಗೆ ಚಾಲೂ ಆಯಿತು. ಒಪ್ಪಿ ತಂದೆ. ಮರುದಿನ ಬೆಳಿಗ್ಗೆ ನಾಲ್ವರು ದಬ್ಬಿದರೂ ಅದು ಉಸಿರೆತ್ತಲಿಲ್ಲ. ಎಂಜಿನ್ ಬಿಚ್ಚಿಸಿದಾಗ ಲೈನರ್, ಪಿಸ್ಟನ್ ಎರಡೂ ಸವೆದಿದ್ದವು. ನಾನು ಹೋಗುವ ಮೊದಲೇ ಅವರು ಅದನ್ನು ಓಡಿಸಿ ಬಿಸಿ ಮಾಡಿ ಇಟ್ಟಿದ್ದರೆಂದು ಆಗ ತಿಳಿಯಿತು. ಆ ವರ್ಷ ಬಿತ್ತನೆಗೆ ಸಾಲ ಮಾಡಬೇಕಾಯಿತು.

ಆದ್ದರಿಂದ ನನ್ನ ಮೊದಲ ಮಾತು: ಬೆಳಿಗ್ಗೆ ಬೇಗ ಹೋಗಿರಿ. ನಾವು ಬರುವವರೆಗೆ ಚಾಲೂ ಮಾಡಬೇಡಿ ಎಂದು ಮೊದಲೇ ಹೇಳಿರಿ. ಹೋದ ಕೂಡಲೆ ಎಂಜಿನ್ ಮೇಲೆ ಕೈ ಇಟ್ಟು ನೋಡಿರಿ. ಬಿಸಿಯಿದ್ದರೆ ಇನ್ನೊಂದು ದಿನ ಬರುತ್ತೇವೆಂದು ಹೇಳಿ ಹಿಂತಿರುಗಿರಿ.

ಎಂಜಿನ್ ತಣ್ಣಗಿದ್ದಾಗಲೇ ಎಣ್ಣೆ ಅಳೆಯುವ ಕಡ್ಡಿ ಎಳೆದು ನೋಡಿರಿ. ಎಣ್ಣೆ ಕಪ್ಪಗಿದ್ದರೆ ಹೆದರಬೇಡಿ, ಡೀಸೆಲ್ ಎಂಜಿನ್ನಿನಲ್ಲಿ ಅದು ಸಹಜ. ಹಾಲು ಬೆರೆಸಿದ ಚಹಾದಂತೆ ಕಂಡರೆ ಮಾತ್ರ ಎಣ್ಣೆಯಲ್ಲಿ ನೀರು ಸೇರಿದೆ ಎಂದರ್ಥ. ಬಳಿಕ ರೇಡಿಯೇಟರಿನ ಮುಚ್ಚಳ ತೆಗೆದು ನೋಡಿರಿ. ನೀರಿನ ಮೇಲೆ ಎಣ್ಣೆ ತೇಲುತ್ತಿದ್ದರೆ ಹೆಡ್ ಗ್ಯಾಸ್ಕೆಟ್ ಹೋಗಿರಬಹುದು, ಇಲ್ಲವೆ ಒಳಗೆ ಬಿರುಕು ಬಿಟ್ಟಿರಬಹುದು. ಎಂಜಿನ್ ಬಿಸಿಯಿದ್ದಾಗ ಮಾತ್ರ ಈ ಮುಚ್ಚಳಕ್ಕೆ ಕೈ ಹಚ್ಚಬೇಡಿ, ಕುದಿನೀರು ಮುಖಕ್ಕೆ ಹಾರುತ್ತದೆ.

ಈಗ ಚಾಲೂ ಮಾಡಿಸಿ ಹೊಗೆ ನೋಡಿರಿ. ಮೊದಲ ಕ್ಷಣದ ಹೊಗೆ ಲೆಕ್ಕಕ್ಕಿಲ್ಲ, ನಿಲ್ಲದೆ ಬರುವ ಹೊಗೆಯನ್ನು ಗಮನಿಸಿರಿ. ಕಪ್ಪು ಹೊಗೆ ಬಂದರೆ ಡೀಸೆಲ್ ಪೂರ್ತಿ ಉರಿಯುತ್ತಿಲ್ಲ. ಗಾಳಿಯ ಫಿಲ್ಟರ್ ಕಟ್ಟಿದ್ದರೂ, ಇಂಜೆಕ್ಟರ್ ಕೆಟ್ಟಿದ್ದರೂ ಹೀಗಾಗುತ್ತದೆ. ಎಷ್ಟೋ ವೇಳೆ ಸಣ್ಣ ಖರ್ಚಿನಲ್ಲಿ ಸರಿಹೋಗುತ್ತದೆ. ನೀಲಿ ಹೊಗೆ ಬಂದರೆ ಎಂಜಿನ್ ಎಣ್ಣೆಯೇ ಉರಿಯುತ್ತಿದೆ, ಅದು ದೊಡ್ಡ ಖರ್ಚು. ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದಿದ್ದರೆ ಮಿಸ್ತ್ರಿಗೆ ತೋರಿಸದೆ ಮುಂದುವರಿಯಬೇಡಿ.

ತಣ್ಣನೆಯ ಪರೀಕ್ಷೆ ಮುಗಿದ ಮೇಲೆ ಬಿಸಿ ಪರೀಕ್ಷೆ. ಅಂಗಳದಲ್ಲಿ ಒಂದು ಸುತ್ತು ಹಾಕಿದರೆ ಸಾಲದು. ನೇಗಿಲು ಕಟ್ಟಿಸಿ ಅರ್ಧ ಗಂಟೆ ಹೊಲ ಹೊಡೆಯಿರಿ. ಭಾರ ಬಿದ್ದಾಗ ಗೇರ್ ತಾನಾಗಿ ಬಿಡುತ್ತದೆಯೆ, ಕ್ಲಚ್ ಜಾರುತ್ತದೆಯೆ ನೋಡಿರಿ. ಎಡಬಲದ ಬ್ರೇಕುಗಳನ್ನು ಬೇರೆ ಬೇರೆ ತುಳಿದು ನೋಡಿರಿ. ನಂತರ ಎಂಜಿನ್ನನ್ನು ನಿಧಾನಗತಿಗೆ ಇಳಿಸಿ ಆಯಿಲ್ ಪ್ರೆಷರಿನ ಮುಳ್ಳನ್ನು ಗಮನಿಸಿರಿ. ತಣ್ಣಗಿದ್ದಾಗ ಮೇಲೆ ನಿಂತ ಮುಳ್ಳು ಈಗ ತಳಕ್ಕೆ ಬಿದ್ದರೆ ಒಳಗಿನ ಬೇರಿಂಗುಗಳು ಸವೆದಿರಬಹುದು. ಮುಳ್ಳು ಕೆಟ್ಟಿದೆ, ಉಳಿದದ್ದೆಲ್ಲ ಸರಿಯಿದೆ ಎಂದರೆ, ಹೊಸ ಮುಳ್ಳು ಹಾಕಿಸಿ ತೋರಿಸಿ ಎನ್ನಿರಿ.

ಲಿಫ್ಟ್ ಪರೀಕ್ಷೆಯನ್ನೂ ಎಣ್ಣೆ ಬಿಸಿಯಾದ ಮೇಲೆಯೇ ಮಾಡಬೇಕು. ತಣ್ಣಗಿದ್ದಾಗ ಎಣ್ಣೆ ದಪ್ಪಗಿದ್ದು ಸೋರಿಕೆಯನ್ನು ಮರೆಮಾಡುತ್ತದೆ. ನೇಗಿಲನ್ನು ಎತ್ತಿ ಹಾಗೇ ಬಿಡಿರಿ. ಎತ್ತಿದ ನೇಗಿಲು ತೂಕಡಿಸುವವನ ತಲೆಯಂತೆ ಇಳಿದು ಏರುತ್ತಿದ್ದರೆ, ಇಲ್ಲವೆ ಎಂಜಿನ್ ನಿಲ್ಲಿಸಿದ ಕೂಡಲೆ ಕುಸಿದರೆ ಒಳಗೆ ಸೋರುತ್ತಿದೆ. ಎತ್ತಿದ ನೇಗಿಲಿನ ಕೆಳಗೆ ಕೈಕಾಲು ಇಡಬೇಡಿ.

ನಮ್ಮದು ಕಬ್ಬಿನ ಸೀಮೆ. ಆದ್ದರಿಂದ ಇನ್ನೊಂದು ಗುರುತು ಹೇಳುತ್ತೇನೆ. ಹಿಂದೆ ಟ್ರಾಲಿ ಸಿಕ್ಕಿಸುವ ಪಟ್ಟಿಯ ತೂತು ನೋಡಿರಿ. ದುಂಡಗಿದ್ದ ತೂತು ಸವೆದು ಉದ್ದವಾಗಿದ್ದರೆ ಆ ಗಾಡಿ ಬಹಳ ಭಾರ ಎಳೆದಿದೆ. 'ಬರೀ ಹೊಲದ ಕೆಲಸಕ್ಕೆ ಬಳಸಿದ್ದು' ಎಂಬ ಮಾತನ್ನು ನಂಬಬೇಡಿ. ಹಾಗೆಯೇ ಗಂಟೆ ತೋರಿಸುವ ಮೀಟರಿಗಿಂತ ಕ್ಲಚ್ ಪೆಡಲಿನ ಸವೆತ ಹೆಚ್ಚು ನಿಜ ಹೇಳುತ್ತದೆ. ಬಿಡಿಭಾಗಗಳು ಸಿಗುತ್ತವೆಯೇ ಎಂಬುದನ್ನೂ ಮೊದಲೇ ಅಂಗಡಿಯಲ್ಲಿ ವಿಚಾರಿಸಿರಿ. ಎಚ್‌ಎಂಟಿಯ ಟ್ರ್ಯಾಕ್ಟರ್ ವಿಭಾಗವನ್ನು ಮುಚ್ಚಲು ಕೇಂದ್ರ ಸರಕಾರ 2016ರಲ್ಲಿ ತೀರ್ಮಾನಿಸಿತು. ಅಂಥ ಗಾಡಿ ಕೊಳ್ಳುವವರಿಗೆ ಈ ವಿಚಾರಣೆ ಇನ್ನೂ ಅಗತ್ಯ.

ಕೊನೆಯದಾಗಿ ಕಾಗದಪತ್ರ. ಗಡಿಯವರಾದ ನಮಗೆ ಇಲ್ಲಿ ಎರಡು ಪಟ್ಟು ಎಚ್ಚರ ಬೇಕು. ಜತ್ತ, ಅಕ್ಕಲಕೋಟೆಯವರು ಇಂಡಿ, ಅಫಜಲಪುರಕ್ಕೆ ಹೋಗಿ ಕೊಳ್ಳುತ್ತೇವೆ. ನಮಗೆ ಅದು ಪಕ್ಕದ ಊರು, ಕಾಯಿದೆಗೆ ಬೇರೆ ರಾಜ್ಯ. ಆರ್.ಸಿ.ಯಲ್ಲಿರುವ ಎಂಜಿನ್ ಮತ್ತು ಚಾಸಿ ನಂಬರುಗಳನ್ನು ಗಾಡಿಯ ಮೇಲಿನ ನಂಬರಿಗೆ ಅಕ್ಷರ ಅಕ್ಷರ ಹೋಲಿಸಿರಿ. ಹೆಸರು ಬದಲಿಸಲು ಫಾರ್ಮ್ 29 ಮತ್ತು 30, ರಾಜ್ಯ ದಾಟಿಸಲು ಫಾರ್ಮ್ 28ರ ನಿರಾಕ್ಷೇಪಣಾ ಪತ್ರ ಬೇಕು. ಆರ್.ಸಿ.ಯ ಮೇಲೆ ಸಾಲದ ಬೋಜಾ ಇದ್ದರೆ ಸಾಲ ಕೊಟ್ಟವರ ಸಹಿಯಿರುವ ಫಾರ್ಮ್ 35 ಪಡೆಯಿರಿ. 12 ತಿಂಗಳು ಮೀರಿ ಬೇರೆ ರಾಜ್ಯದಲ್ಲಿ ಇಟ್ಟುಕೊಂಡರೆ ಅಲ್ಲಿಯ ನಂಬರ್ ಪಡೆಯಲೇಬೇಕು. ನೋಂದಣಿಯ ಅವಧಿ 15 ವರ್ಷ. ಅದು ತೀರಿದೆಯೆ, ನವೀಕರಣ ಆಗಿದೆಯೆ ನೋಡಿರಿ. ಇವೆಲ್ಲ ಕೈಗೆ ಬರುವವರೆಗೆ ಪೂರ್ತಿ ಹಣ ಕೊಡಬೇಡಿ.

ಸಣ್ಣಪುಟ್ಟ ದೋಷವಿಲ್ಲದ ಹಳೆಯ ಗಾಡಿ ಇರುವುದಿಲ್ಲ. ಅವುಗಳ ಖರ್ಚನ್ನು ಬೆಲೆಯಲ್ಲಿ ಕಳೆದು ಮಾತಾಡಿರಿ. ಆದರೆ ಎಂಜಿನ್, ಗೇರ್, ಕಾಗದ ಈ ಮೂರರಲ್ಲಿ ಒಂದು ಕೆಟ್ಟಿದ್ದರೂ ಕೈಮುಗಿದು ಎದ್ದು ಬನ್ನಿರಿ. ಸುಮ್ಮನೆ ಹೋಗಿಬಂದರೆ ಬಸ್ಸಿನ ಖರ್ಚು ಮಾತ್ರ ಹೋಗುತ್ತದೆ. ಕೆಟ್ಟ ಗಾಡಿ ತಂದರೆ ಒಂದು ವರ್ಷದ ದುಡಿಮೆಯೇ ಹೋಗುತ್ತದೆ.