ಮಣ್ಣಿನ ಗುರುತು: ಎರೆಭೂಮಿಯ ಮೂರು ಸಾಕ್ಷಿಗಳು

(ಸಂಘದ ವಿದ್ಯಾರ್ಥಿ-ಪಾಲಕರ ಸಮಾವೇಶದಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)

ಬಿಸ್ಮಿಲ್ಲಾಹಿರ್ರಹ್ಮಾನಿರ್ರಹೀಮ್.



ಮಾನವನನ್ನು ಮಣ್ಣಿನಿಂದ ಸೃಷ್ಟಿಸಲಾಯಿತೆಂದು ಪವಿತ್ರ ಕುರ್‌ಆನ್ ನಮಗೆ ತಿಳಿಸುತ್ತದೆ. ಆದರೆ ನಮ್ಮ ಕಾಲ ಕೆಳಗಿನ ಮಣ್ಣು ಎಂಥದು ಎಂದು ಕೇಳಿದರೆ ನಮ್ಮಲ್ಲಿ ಎಷ್ಟು ಜನ ಉತ್ತರ ಕೊಡಬಲ್ಲೆವು? ವಿಜಯಪುರದ ಕಡೆಯವರನ್ನು ಕೇಳಿದರೆ "ನಮ್ದು ಎರಿ ಹೊಲ" ಎನ್ನುತ್ತಾರೆ. ಮನೆಯಲ್ಲಿ ಉರ್ದು ಮಾತಾಡುವವರು "ಕಾಲೀ ಜಮೀನ್" ಎನ್ನುತ್ತಾರೆ. ಪಠ್ಯಪುಸ್ತಕದಲ್ಲಿ ಅದು ಕಪ್ಪು ಹತ್ತಿ ಮಣ್ಣು. ಇಂಗ್ಲಿಷ್ ಪುಸ್ತಕಗಳ "ರೇಗರ್" ಎಂಬ ಹೆಸರು ತೆಲುಗಿನ "ರೇಗಡಿ"ಯಿಂದ ಹೋದದ್ದು. ನಾನು ಭಾಷೆ ಕಲಿಸುವ ಶಿಕ್ಷಕವೃತ್ತಿಯಲ್ಲಿರುವುದರಿಂದ ಹೆಸರುಗಳ ಕಡೆಗೆ ಗಮನ ಹೋಗುವುದು ಸಹಜ. ಈ ಹೆಸರುಗಳಲ್ಲಿ ಹೆಚ್ಚಿನವು ಬಣ್ಣವನ್ನು ಇಲ್ಲವೇ ಬೆಳೆಯನ್ನು ಹೇಳುತ್ತವೆ. ಬಣ್ಣ ನೋಡಿ ಮಣ್ಣನ್ನು ಗುರುತಿಸಬಹುದೇ? ಇಂದಿನ ನನ್ನ ಮಾತು ಈ ಪ್ರಶ್ನೆಯನ್ನು ಕುರಿತದ್ದು.

ಒಂದು ಉದಾಹರಣೆ ನೋಡೋಣ. ಉಕ್ರೇನ್ ಮತ್ತು ದಕ್ಷಿಣ ರಷ್ಯಾದಲ್ಲಿ ಚೆರ್ನೋಝೆಮ್ ಎಂಬ ಪ್ರಸಿದ್ಧ ಮಣ್ಣಿದೆ. ಆ ಹೆಸರಿನ ಅರ್ಥವೂ ಕಪ್ಪು ಮಣ್ಣು ಎಂದೇ. ನಮ್ಮ ಮಣ್ಣನ್ನು ಅದರ ತಮ್ಮನೆಂದು ಹೇಳಿದವರೂ ಉಂಟು. ಆದರೆ ಅಲ್ಲಿಯ ಕಪ್ಪು, ಚಳಿ ಪ್ರದೇಶದ ಹುಲ್ಲುಗಾವಲುಗಳ ಬೇರುಗಳು ಸಾವಿರಾರು ವರ್ಷ ಕೊಳೆತು ಸೇರಿದ ಸಾವಯವ ಅಂಶದ ಕಪ್ಪು. ನಮ್ಮ ಎರೆಮಣ್ಣಿನಲ್ಲಿ ಸಾವಯವ ಇಂಗಾಲ ಸಾಮಾನ್ಯವಾಗಿ ಶೇಕಡಾ 1ಕ್ಕಿಂತ ಕಡಿಮೆ. ಇರುವ ಅಲ್ಪಸ್ವಲ್ಪವೂ ಜೇಡಿಯ ಕಣಗಳಿಗೆ ಬಿಗಿಯಾಗಿ ಅಂಟಿಕೊಂಡು ಮಣ್ಣಿಗೆ ಗಾಢ ಬಣ್ಣ ಕೊಡುತ್ತದೆ. ಬಣ್ಣ ಒಂದೇ, ಹುಟ್ಟು ಬೇರೆ. ಕಪ್ಪಾಗಿದೆ, ಆದ್ದರಿಂದ ಸಾರಜನಕ ತುಂಬಿದೆ ಎಂದು ನಂಬಿದ ರೈತ ಮೋಸ ಹೋಗುತ್ತಾನೆ. ನಮ್ಮ ಎರೆಭೂಮಿಯಲ್ಲಿ ಸಾಮಾನ್ಯವಾಗಿ ಮೊದಲು ಕೊರತೆ ಬೀಳುವುದು ಸಾರಜನಕವೇ.

ಈ ವಿಚಾರ ಹೊಸದಲ್ಲ. 11ನೇ ಶತಮಾನದಲ್ಲಿ ಸ್ಪೇನಿನ ತೊಲೆದೊ ನಗರದಲ್ಲಿದ್ದ ಇಬ್ನ್ ಬಸ್ಸಾಲ್ ಎಂಬ ಕೃಷಿ ಪಂಡಿತರು ಮಣ್ಣನ್ನು 10 ಬಗೆಯಾಗಿ ವಿಂಗಡಿಸಿ, ಯಾವ ಬಗೆ ಯಾವ ಋತುವಿನಲ್ಲಿ ಹೇಗೆ ವರ್ತಿಸುತ್ತದೆ ಎಂಬುದನ್ನೂ ವಿವರಿಸಿದ್ದರು. ಮಣ್ಣಿನ ಜೊತೆಗೆ ಋತುವನ್ನು ಸೇರಿಸಿ ನೋಡಿದ್ದೇ ಅವರ ದೊಡ್ಡತನ. 1883ರಲ್ಲಿ ರಷ್ಯಾದ ದೊಕುಚಾಯೆವ್ ಚೆರ್ನೋಝೆಮ್ ಕುರಿತು ಗ್ರಂಥ ಬರೆದು ಆಧುನಿಕ ಮಣ್ಣು ವಿಜ್ಞಾನಕ್ಕೆ ಅಡಿಪಾಯ ಹಾಕಿದರು. 1941ರಲ್ಲಿ ಹ್ಯಾನ್ಸ್ ಯೆನ್ನಿ ಎಂಬ ವಿಜ್ಞಾನಿ ಮಣ್ಣಿನ ರಚನೆಗೆ ಐದು ಕಾರಣಗಳನ್ನು ಹೇಳಿದರು: ಹವಾಮಾನ, ಜೀವಿಗಳು, ನೆಲದ ಏರಿಳಿತ, ಮೂಲ ಶಿಲೆ ಮತ್ತು ಕಾಲ. ಇವುಗಳ ಆಧಾರದ ಮೇಲೆ, ಒಂದು ಮಣ್ಣನ್ನು ಗುರುತಿಸಲು ಮೂವರು ಸಾಕ್ಷಿಗಳನ್ನು ಕರೆಯಬೇಕೆಂದು ನಾನು ಹೇಳಬಯಸುತ್ತೇನೆ.

ಮೊದಲ ಸಾಕ್ಷಿ: ಪ್ರಯೋಗಾಲಯ

ಎರೆಮಣ್ಣನ್ನು ಪ್ರಯೋಗಾಲಯಕ್ಕೆ ಒಯ್ದರೆ ಮೊದಲು ಕಾಣುವುದು ಜೇಡಿಯ ಪ್ರಮಾಣ. 0.002 ಮಿ.ಮೀ.ಗಿಂತ ಸಣ್ಣ ಕಣಗಳಿಗೆ ಜೇಡಿ ಎನ್ನುತ್ತಾರೆ. ನಮ್ಮ ಆಳವಾದ ಎರೆಮಣ್ಣಿನಲ್ಲಿ ಇದು ಸಾಮಾನ್ಯವಾಗಿ ಶೇ. 40ರಿಂದ 60ರಷ್ಟಿರುತ್ತದೆ. ಆದರೆ ಎಷ್ಟು ಜೇಡಿ ಎಂಬುದಕ್ಕಿಂತ ಎಂಥ ಜೇಡಿ ಎಂಬುದು ಮುಖ್ಯ. ಇಲ್ಲಿರುವುದು ಸ್ಮೆಕ್ಟೈಟ್ ಜಾತಿಯ ಖನಿಜ. ಇದರ ರಚನೆ ಪುಸ್ತಕದ ಹಾಳೆಗಳಂತೆ ಪದರ ಪದರವಾಗಿದೆ. ನೀರು ಹಾಳೆಗಳ ನಡುವೆ ನುಗ್ಗಿದಾಗ ಮಣ್ಣು ಉಬ್ಬುತ್ತದೆ, ನೀರು ಹೊರಟಾಗ ಕುಗ್ಗುತ್ತದೆ. ಈ ಗುಣವನ್ನು ಅಳೆಯಲು ಒಂದು ಅಂಕೆಯಿದೆ. ಒಣಗಿದಾಗ 10 ಸೆಂ.ಮೀ. ಉದ್ದವಿರುವ ಹೆಂಟೆ ಹಸಿಯಾದಾಗ 10.6 ಸೆಂ.ಮೀ. ಆದರೆ ಆ ಅಂಕೆ 0.06. ಅಷ್ಟಾದರೆ ಅದು ಬಹಳ ಉಬ್ಬುವ ಮಣ್ಣು ಎಂದರ್ಥ.

ಎರಡನೆಯದಾಗಿ, ಪೋಷಕಾಂಶಗಳನ್ನು ಹಿಡಿದಿಟ್ಟುಕೊಳ್ಳುವ ಶಕ್ತಿ ಈ ಮಣ್ಣಿಗೆ ಹೆಚ್ಚು. ಮೂರನೆಯದಾಗಿ, ಇದರ ರಸಸಾರ ಸುಮಾರು 8ರಿಂದ 8.5, ಅಂದರೆ ಕ್ಷಾರದ ಕಡೆಗೆ. ಮಣ್ಣಿನ ಮೇಲೆ ದುರ್ಬಲ ಹೈಡ್ರೋಕ್ಲೋರಿಕ್ ಆಮ್ಲದ ಹನಿ ಬಿಟ್ಟರೆ ನೊರೆ ಏಳುತ್ತದೆ. ಕೆಳಗೆ ಅಗೆದರೆ ಬಿಳಿ ಸುಣ್ಣದ ಹರಳುಗಳು ಸಿಗುತ್ತವೆ.

ಈಗ ಎಲ್ಲರಿಗೂ ತಿಳಿದಿರುವ ಮಣ್ಣು ಆರೋಗ್ಯ ಚೀಟಿಯ ವಿಷಯಕ್ಕೆ ಬರೋಣ. ಕೇಂದ್ರ ಸರ್ಕಾರ 2015ರಲ್ಲಿ ಆರಂಭಿಸಿದ ಈ ಯೋಜನೆಯಲ್ಲಿ 12 ಅಂಶಗಳನ್ನು ಪರೀಕ್ಷಿಸುತ್ತಾರೆ: ಸಾರಜನಕ, ರಂಜಕ, ಪೊಟ್ಯಾಷ್, ಗಂಧಕ, ಸತು, ಕಬ್ಬಿಣ, ತಾಮ್ರ, ಮ್ಯಾಂಗನೀಸ್, ಬೋರಾನ್, ರಸಸಾರ, ಲವಣಾಂಶವನ್ನು ಸೂಚಿಸುವ ವಿದ್ಯುತ್ ವಾಹಕತೆ ಮತ್ತು ಸಾವಯವ ಇಂಗಾಲ. ಗೊಬ್ಬರ ಎಷ್ಟು ಹಾಕಬೇಕೆಂದು ತಿಳಿಯಲು ಇದು ಬಹಳ ಉಪಯುಕ್ತ. ಆದರೆ ಮಾದರಿ ತೆಗೆಯುವುದು ಮೇಲಿನ ಒಂದು ಗೇಣಿನೊಳಗೆ. ಈ 12ರಲ್ಲಿ ಜೇಡಿಯ ಬಗೆ ಇಲ್ಲ, ಮಣ್ಣಿನ ಆಳ ಇಲ್ಲ, ಜೇಡಿಗೆ ಅಂಟಿದ ಸೋಡಿಯಂ ಇಲ್ಲ. ಅಂಕಪಟ್ಟಿ ಒಂದನ್ನೇ ನೋಡಿ ಮಗುವನ್ನು ಅಳೆಯಬಾರದು ಎನ್ನುತ್ತೇವಲ್ಲ, ಚೀಟಿ ಒಂದನ್ನೇ ನೋಡಿ ಹೊಲವನ್ನೂ ಅಳೆಯಬಾರದು.

ಎರಡನೆಯ ಸಾಕ್ಷಿ: ಹವಾಮಾನ

ವಿಜಯಪುರದಲ್ಲಿ ವರ್ಷಕ್ಕೆ ಸುಮಾರು 600 ಮಿ.ಮೀ. ಮಳೆ. ಅದರಲ್ಲಿ ಹೆಚ್ಚಿನ ಪಾಲು ಜೂನ್‌ನಿಂದ ಅಕ್ಟೋಬರ್‌ವರೆಗೆ, ಅದರಲ್ಲೂ ಸೆಪ್ಟೆಂಬರ್ ಹೊತ್ತಿಗೆ ಬೀಳುತ್ತದೆ. ಬೇಸಿಗೆಯಲ್ಲಿ ತಾಪಮಾನ 40 ಡಿಗ್ರಿ ದಾಟುತ್ತದೆ. ನೆಲ ಮತ್ತು ಗಿಡಗಳಿಂದ ವಾತಾವರಣ ಹೀರಬಲ್ಲ ನೀರು ಬೀಳುವ ಮಳೆಯ ಎರಡು ಪಟ್ಟಿಗೂ ಹೆಚ್ಚು. ಆದ್ದರಿಂದಲೇ ಸುಣ್ಣವೂ ಲವಣವೂ ಪೂರ್ತಿ ತೊಳೆದುಹೋಗದೆ ಮಣ್ಣಿನೊಳಗೇ ನಿಲ್ಲುತ್ತವೆ. ಪ್ರಯೋಗಾಲಯ ತೋರಿಸಿದ ಸುಣ್ಣದ ಹರಳಿಗೆ ಹವಾಮಾನ ಕಾರಣ ಹೇಳಿತು.

ಬೇಸಿಗೆಯಲ್ಲಿ ಎರೆಭೂಮಿ ಬಿರಿಯುವುದನ್ನು ನೀವೆಲ್ಲ ಕಂಡಿದ್ದೀರಿ. ಮೇಲಿನ ಪುಡಿಮಣ್ಣು ಆ ಬಿರುಕುಗಳೊಳಗೆ ಉದುರುತ್ತದೆ. ಮಳೆ ಬಂದು ಮಣ್ಣು ಉಬ್ಬಿದಾಗ ಒಳಗೆ ಜಾಗ ಸಾಲದೆ ಒಂದು ಗಡ್ಡೆ ಇನ್ನೊಂದನ್ನು ತಳ್ಳುತ್ತದೆ. ಹೀಗೆ ಉಜ್ಜಿ ಉಜ್ಜಿ ಒಳಗಿನ ಮಣ್ಣಿನ ಮೈ ಎಣ್ಣೆ ಸವರಿದಂತೆ ಹೊಳೆಯುತ್ತದೆ. ತಿರುಗು ಎಂಬ ಅರ್ಥದ ಲ್ಯಾಟಿನ್ ಮೂಲದಿಂದ ಈ ಮಣ್ಣಿಗೆ "ವರ್ಟಿಸಾಲ್" ಎಂಬ ವೈಜ್ಞಾನಿಕ ಹೆಸರು ಬಂದಿದೆ. 1975ರಲ್ಲಿ ಪ್ರಕಟವಾದ ಅಮೆರಿಕದ ಮಣ್ಣು ವರ್ಗೀಕರಣ ಗ್ರಂಥದಲ್ಲಿ ಇದೊಂದು ಪ್ರತ್ಯೇಕ ವರ್ಗ. ಗಮನಿಸಿ, ಈ ವರ್ಗದ ಲಕ್ಷಣಗಳಲ್ಲಿ ಜೇಡಿ ಇದೆ, ಬಿರುಕು ಇದೆ, ಹೊಳೆಯುವ ಮೈ ಇದೆ. ಕಪ್ಪು ಬಣ್ಣ ಎಂಬ ಷರತ್ತು ಇಲ್ಲ.

ನಮ್ಮ ಹಿರಿಯರ ಬೇಸಾಯಕ್ಕೂ ಇದೇ ಆಧಾರ. ಒಂದು ಮೀಟರ್ ಆಳದ ಎರೆಮಣ್ಣು ಬೆಳೆಗೆ ದಕ್ಕುವ ನೀರನ್ನು ಸುಮಾರು 150ರಿಂದ 200 ಮಿ.ಮೀ.ನಷ್ಟು ಹಿಡಿದಿಡಬಲ್ಲದು. ಮುಂಗಾರಿನಲ್ಲಿ ನೆಲವನ್ನು ಹದಮಾಡಿ, ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ ಮಾಲದಂಡಿ ಜೋಳ ಬಿತ್ತಿ, ಆಮೇಲೆ ಹೆಚ್ಚು ಮಳೆಯಿಲ್ಲದೆಯೇ ತೆನೆ ಕೊಯ್ಯುತ್ತಿದ್ದರು. ನಡುವೆ ಮತ್ತೆ ಮತ್ತೆ ಎಡೆ ಹೊಡೆದು ಬಿರುಕು ಮುಚ್ಚಿ ತೇವ ಉಳಿಸುತ್ತಿದ್ದರು. ಅವರು ಅಂಕೆ ಬರೆದಿಡಲಿಲ್ಲ, ಆದರೆ ಲೆಕ್ಕ ಸರಿಯಾಗಿತ್ತು.

ಮೂರನೆಯ ಸಾಕ್ಷಿ: ನೆಲದ ಏರಿಳಿತ

ನಮ್ಮ ಜಿಲ್ಲೆಯ ಬಹುಭಾಗದ ಕೆಳಗೆ ಸುಮಾರು 6.6 ಕೋಟಿ ವರ್ಷಗಳ ಹಿಂದೆ ಲಾವಾ ಹರಿದು ಗಟ್ಟಿಯಾದ ಕಪ್ಪು ಶಿಲೆಯಿದೆ. ಶಿಲೆ ಒಂದೇ ಆದರೂ ಎಲ್ಲ ಕಡೆ ಆಳವಾದ ಎರೆ ಇಲ್ಲ. ಎತ್ತರದ ಮಡ್ಡಿಯಲ್ಲಿ ಕಲ್ಲು ಬೆರೆತ ತೆಳು ಮಣ್ಣು, ಇಳಿಜಾರಿನಲ್ಲಿ ಸಾಧಾರಣ ಆಳ, ಹಳ್ಳದ ದಂಡೆಯ ಸಮತಟ್ಟಿನಲ್ಲಿ ಆಳೆತ್ತರದ ಎರೆ. ನೀರು ಮೇಲಿನಿಂದ ನುಣ್ಣನೆಯ ಕಣಗಳನ್ನೂ ಕರಗಿದ ಸುಣ್ಣ-ಲವಣಗಳನ್ನೂ ತಂದು ಕೆಳಗೆ ಕೂಡಿಸುತ್ತದೆ. ಡೋಣಿ ದಂಡೆ ಬೆಳೆದರೆ ಓಣಿಗೆಲ್ಲ ಜೋಳ ಎಂಬರ್ಥದ ಗಾದೆ ನಮ್ಮಲ್ಲಿದೆ. ಅದೇ ಡೋಣಿಯ ನೀರು ಸವಳು ಎಂಬುದೂ ನಮಗೆ ಗೊತ್ತು. ಜೋಳವನ್ನು ಕೊಟ್ಟ ತಗ್ಗೇ ಸವಳನ್ನೂ ಕೂಡಿಸಿದೆ.

ಹೈದರಾಬಾದ್ ಸಮೀಪದ ಪಟಾನ್‌ಚೆರುವಿನಲ್ಲಿ 1972ರಲ್ಲಿ ಸ್ಥಾಪನೆಯಾದ ಇಕ್ರಿಸ್ಯಾಟ್ ಸಂಸ್ಥೆಯ ಒಂದೇ ಆವರಣದಲ್ಲಿ ಕೆಂಪು ಮಣ್ಣೂ ಕಪ್ಪು ಮಣ್ಣೂ ಇವೆ. ಮಳೆ ಒಂದೇ, ಬಿಸಿಲು ಒಂದೇ. ಆದರೂ ಮಣ್ಣು ಎರಡು. ಇಂಥ ಕಡೆ ಹವಾಮಾನವೊಂದನ್ನೇ ಕೇಳಿದರೆ ಉತ್ತರ ಸಿಗುವುದಿಲ್ಲ.

ಮೂವರ ಮಾತು ಕೂಡಿದಾಗ

ಪ್ರಿಯ ಓದುಗರೇ, ಇದರಿಂದ ನಮಗೇನು ಲಾಭ ಎಂದು ನೀವು ಕೇಳಬಹುದು. ನಾಲಾ ನೀರಿನ ಉದಾಹರಣೆ ತೆಗೆದುಕೊಳ್ಳಿ. ಪ್ರಯೋಗಾಲಯ ಹೇಳುತ್ತದೆ: ಈ ಮಣ್ಣಿಗೆ ಪೋಷಕಾಂಶ ಹಿಡಿಯುವ ಶಕ್ತಿಯಿದೆ. ಹವಾಮಾನ ಹೇಳುತ್ತದೆ: ಇಲ್ಲಿ ಮಳೆ ಸಾಲದು. ಇಬ್ಬರನ್ನೇ ಕೇಳಿದರೆ "ನೀರು ಬಿಡಿ, ಕಬ್ಬು ಹಚ್ಚಿ" ಎಂಬ ತೀರ್ಮಾನಕ್ಕೆ ಬರುತ್ತೇವೆ. ಮೂರನೆಯ ಸಾಕ್ಷಿ ಎಚ್ಚರಿಸುತ್ತದೆ: ಇದು ತಗ್ಗು, ಉಬ್ಬಿದ ಜೇಡಿಯಲ್ಲಿ ನೀರು ಬಸಿಯುವುದಿಲ್ಲ, ಕೆಳಗಿನ ಲವಣ ನೀರಿನೊಂದಿಗೆ ಮೇಲೇರುತ್ತದೆ. 1953ರಲ್ಲಿ ತುಂಗಭದ್ರಾ ಅಣೆಕಟ್ಟಿನಿಂದ ನೀರು ಹರಿಯತೊಡಗಿದ ಮೇಲೆ ರಾಯಚೂರು, ಕೊಪ್ಪಳ, ಬಳ್ಳಾರಿ ಭಾಗದ ಎಷ್ಟೋ ಎರೆ ಹೊಲಗಳು ಸವಳು-ಜವಳಾದವು. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರದಲ್ಲಿ ಈ ಸಮಸ್ಯೆಯ ಬಗ್ಗೆಯೇ ಸಂಶೋಧನೆ ನಡೆಯುತ್ತಾ ಬಂದಿದೆ. ಬಸಿಗಾಲುವೆ, ಅಗತ್ಯವಿದ್ದಲ್ಲಿ ಜಿಪ್ಸಂ, ಹಿತಮಿತವಾದ ನೀರು ಇವು ಪರಿಹಾರಗಳು. ಆದರೆ ಕೆಟ್ಟ ಭೂಮಿಯನ್ನು ಸರಿಪಡಿಸುವುದಕ್ಕಿಂತ ಕೆಡದಂತೆ ಕಾಯುವುದು ಅಗ್ಗ. ಆಲಮಟ್ಟಿಯ ನೀರು ನಮ್ಮ ಜಿಲ್ಲೆಯ ಹಲವು ಹಳ್ಳಿಗಳಿಗೆ ಬಂದಿದೆ. ಎರಡು-ಮೂರು ಎಕರೆ ಇರುವ ಕುಟುಂಬಕ್ಕೆ ಒಂದು ಎಕರೆ ಸವಳಾದರೆ ಮಕ್ಕಳ ಓದು ನಿಲ್ಲುತ್ತದೆ, ಮಗ ದುಡಿಯಲು ಊರು ಬಿಡುತ್ತಾನೆ. ಆದ್ದರಿಂದ ಇದು ಬರೀ ವಿಜ್ಞಾನದ ಪಾಠವಲ್ಲ.

ಮನೆ, ಶಾಲೆ, ಮಸೀದಿ ಕಟ್ಟುವಾಗಲೂ ಇದೇ ಮಾತು. ಉಬ್ಬಿ ಕುಗ್ಗುವ ನೆಲದ ಮೇಲೆ ಮಾಮೂಲಿ ತಳಪಾಯ ಹಾಕಿದರೆ ಗೋಡೆ ಬಿರಿಯುತ್ತದೆ. ದೇಣಿಗೆಯ ಹಣದಲ್ಲಿ ಕಟ್ಟಡ ಎಬ್ಬಿಸುವ ಮುನ್ನ ಎಂಜಿನಿಯರರಿಂದ ಮಣ್ಣಿನ ಪರೀಕ್ಷೆ ಮಾಡಿಸುವುದು ಜವಾಬ್ದಾರಿಯ ಕೆಲಸ.

ವಿದ್ಯಾರ್ಥಿಗಳಿಗೆ ಒಂದು ಕೆಲಸ

ವಿದ್ಯಾರ್ಥಿಗಳೇ, ಈ ವರ್ಷ ನಿಮ್ಮ ಊರಿನ ಒಂದು ಹೊಲವನ್ನು ಆರಿಸಿಕೊಳ್ಳಿ. ಹೊಲದ ಮಾಲೀಕರ ಅನುಮತಿ ಪಡೆದು, ದೊಡ್ಡವರ ಜೊತೆಯಲ್ಲಿ, ಸೊಂಟದ ಆಳಕ್ಕೆ ಗುಂಡಿ ತೋಡಿಸಿ, ಎಲ್ಲಿಯವರೆಗೆ ಬೇರು ಇಳಿದಿದೆ, ಎಲ್ಲಿ ಸುಣ್ಣದ ಹರಳು ಕಾಣುತ್ತದೆ ಎಂದು ಅಳೆದು ಬರೆಯಿರಿ. ಹಸಿ ಮಣ್ಣನ್ನು ಹೆಬ್ಬೆರಳಿನಿಂದ ಒತ್ತಿ ಪಟ್ಟಿಯಂತೆ ಎಳೆಯಿರಿ, 5 ಸೆಂ.ಮೀ.ಗಿಂತ ಉದ್ದವಾಗಿ ಮುರಿಯದೆ ಬಂದರೆ ಜೇಡಿ ಹೆಚ್ಚು. ಏಪ್ರಿಲ್‌ನಲ್ಲಿ ಬಿರುಕಿನ ಅಗಲ, ಆಳ ಅಳೆಯಿರಿ. ಹತ್ತಿರದ ಮಳೆಮಾಪನ ಕೇಂದ್ರದ ತಿಂಗಳವಾರು ಲೆಕ್ಕ ಸಂಗ್ರಹಿಸಿ. ಮಡ್ಡಿಯಿಂದ ಹಳ್ಳದವರೆಗೆ ನಡೆದು ಇಳಿಜಾರಿನ ಚಿತ್ರ ಬರೆಯಿರಿ. ಮನೆಯಲ್ಲಿರುವ ಮಣ್ಣು ಆರೋಗ್ಯ ಚೀಟಿಯನ್ನು ಅದರ ಪಕ್ಕಕ್ಕೆ ಅಂಟಿಸಿ. ಕೊನೆಗೆ ಅಜ್ಜ-ಅಜ್ಜಿಯರನ್ನು ಕೇಳಿ, ಆ ಹೊಲಕ್ಕೆ ಅವರು ಯಾವ ಹೆಸರಿಟ್ಟಿದ್ದರು ಎಂದು ಬರೆದುಕೊಳ್ಳಿ. ಊರಿನ ಹೆಸರು ಹೊಂದಿದ ಇಂಥ ಒಂದು ಪುಸ್ತಕ ಪ್ರತಿ ಶಾಲೆಯಲ್ಲೂ ಇರಲಿ.

ಪಾಲಕರಲ್ಲಿ ಒಂದು ವಿನಂತಿ. ಡಾಕ್ಟರ್, ಎಂಜಿನಿಯರ್ ಎಂಬ ಎರಡೇ ಬಾಗಿಲು ತಟ್ಟಬೇಡಿ. ಧಾರವಾಡ ಮತ್ತು ರಾಯಚೂರಿನಲ್ಲಿ ಕೃಷಿ ವಿಶ್ವವಿದ್ಯಾಲಯಗಳಿವೆ, ವಿಜಯಪುರದಲ್ಲೇ ಕೃಷಿ ಕಾಲೇಜಿದೆ. ಕೃಷಿ ಪದವಿಯಲ್ಲಿ ರೈತರ ಮಕ್ಕಳಿಗೆಂದೇ ಮೀಸಲು ಸೀಟುಗಳಿವೆ. ಹೆಣ್ಣುಮಕ್ಕಳಿಗೂ ಈ ದಾರಿ ತೆರೆದಿದೆ.

ಭೂಮಿ ನಮ್ಮ ಸ್ವತ್ತು ಎಂದು ಪಹಣಿಯಲ್ಲಿ ಬರೆದಿರಬಹುದು. ವಾಸ್ತವವಾಗಿ ಅದು ನಮ್ಮ ಕೈಗೆ ಬಂದ ಅಮಾನತ್. ಅಮಾನತ್ತನ್ನು ಕಾಯಬೇಕಾದವನು ಮೊದಲು ಅದು ಏನೆಂದು ತಿಳಿದಿರಬೇಕು. ಆ ತಿಳಿವಳಿಕೆಯನ್ನು ಅಲ್ಲಾಹನು ನಮಗೂ ನಮ್ಮ ಮಕ್ಕಳಿಗೂ ಕರುಣಿಸಲಿ, ಆಮೀನ್.