ಕಾಲೇಜು ಕಟ್ಟುವ ಮುನ್ನ
(ಶತಮಾನೋತ್ಸವ ಸಮಾರಂಭದಲ್ಲಿ ಮಾಡಿದ ಉಪನ್ಯಾಸ)



ನೂರು ವರ್ಷ ಕನ್ನಡದ ಅಕ್ಷರ ಕಲಿಸಿದ ಈ ಅಂಗಳದಲ್ಲಿ ಒಂದು ಕಾಲೇಜು ತಲೆಯೆತ್ತಬೇಕೆಂಬುದು ನಮ್ಮೆಲ್ಲರ ಹಂಬಲ. ಮದ್ದೂರು, ನಾರಾಯಣಪೇಟೆ, ಮಕ್ತಲ್ ಸೀಮೆಯಲ್ಲಿ ಹತ್ತನೆಯ ತರಗತಿ ಮುಗಿಸಿ ಕನ್ನಡದಲ್ಲೇ ಓದು ಮುಂದುವರಿಸಬಯಸುವ ಮಕ್ಕಳು ಗಡಿಯಾಚೆಯ ಗುರುಮಠಕಲ್, ಯಾದಗಿರಿ, ರಾಯಚೂರುಗಳತ್ತ ಮುಖ ಮಾಡುತ್ತಾರೆ. ದೂರಕ್ಕೆ ಕಳುಹಿಸಲಾರದ ಮನೆಗಳಲ್ಲಿ ಹೆಣ್ಣುಮಕ್ಕಳ ಓದು ಅಲ್ಲಿಗೇ ನಿಲ್ಲುತ್ತದೆ. ಆದ್ದರಿಂದ ಈ ಹಂಬಲ ಸಾಧುವಾದುದು. ಆದರೆ ದೇಣಿಗೆಯ ಮಾತು ಬಂದೊಡನೆ ಕಮಾನು, ಹೆಬ್ಬಾಗಿಲು, ನಾಮಫಲಕಗಳ ಚರ್ಚೆಯೇ ಮುಂದಾಗುವುದನ್ನು ಕಂಡಿದ್ದೇವೆ. ನಮ್ಮ ಬಿನ್ನಹ ಒಂದೇ: ಮೊದಲು ಅಳತೆ, ಅನಂತರ ಅಲಂಕಾರ.

ಅಳತೆಗಳೆಂದರೆ ಕಚೇರಿಯ ಕಾಗದವೆಂದು ಉದಾಸೀನ ಮಾಡುವುದುಂಟು. 2004ರ ಜುಲೈ 16ರಂದು ತಮಿಳುನಾಡಿನ ಕುಂಭಕೋಣಂನಲ್ಲಿ ಶಾಲೆಯೊಂದರ ಹುಲ್ಲುಚಾವಣಿಗೆ ಬೆಂಕಿ ತಗುಲಿ 94 ಮಕ್ಕಳು ಮಡಿದರು. ದಾರಿ ಇಕ್ಕಟ್ಟಾಗಿದ್ದುದರಿಂದ ಹೊರಬರಲು ಅವರಿಗೆ ಆಗಲಿಲ್ಲ. ವಿದ್ಯಾಸಂಸ್ಥೆಗಳ ಮೆಟ್ಟಿಲು ಕನಿಷ್ಠ 1.5 ಮೀಟರ್ ಅಗಲವಿರಬೇಕೆಂದು ರಾಷ್ಟ್ರೀಯ ಕಟ್ಟಡ ಸಂಹಿತೆ ಹೇಳುವಾಗ, ಆ ಸಂಖ್ಯೆಯ ಹಿಂದೆ ಇಂಥ ಮಕ್ಕಳಿದ್ದಾರೆ. ಕೊಠಡಿಯ ಬಾಗಿಲು ಹೊರಕ್ಕೆ ತೆರೆಯಲಿ, ಪ್ರತಿ ಮಹಡಿಗೂ ಎರಡು ಹೊರದಾರಿಗಳಿರಲಿ, ಮೆಟ್ಟಿಲ ಕೆಳಗೆ ಹಳೆಯ ಬೆಂಚುಗಳನ್ನು ಪೇರಿಸದಿರಲಿ.

ಇಳಿಜಾರು ದಾರಿಯೂ ಹಾಗೆಯೇ. ಒಂದಡಿ ಏರಬೇಕಾದರೆ ಹನ್ನೆರಡಡಿ ಉದ್ದ ಬೇಕು. ಜಾಗ ಸಾಲದೆಂದು ಅದನ್ನು ಕಡಿದಾಗಿ ಕಟ್ಟಿದರೆ ಗಾಲಿಕುರ್ಚಿಯ ಮಗು ಬಾಗಿಲಲ್ಲೇ ಉಳಿಯುತ್ತದೆ. 2016ರ ವಿಕಲಚೇತನರ ಹಕ್ಕುಗಳ ಕಾಯಿದೆಯ ಬಳಿಕ ಇದು ಕರುಣೆಯ ವಿಷಯವಲ್ಲ, ಹಕ್ಕಿನ ವಿಷಯ. ಅದೇ ಸಂಹಿತೆಯು ದಿನದ ಶಾಲೆಗಳಲ್ಲಿ 25 ಹೆಣ್ಣುಮಕ್ಕಳಿಗೊಂದು ಶೌಚಾಲಯವನ್ನೂ ತಲೆಗೆ ದಿನಕ್ಕೆ 45 ಲೀಟರ್ ನೀರನ್ನೂ ಲೆಕ್ಕ ಹಿಡಿಯುತ್ತದೆ. ಬೀಗ ಜಡಿದ ಶೌಚಾಲಯಕ್ಕೆ ಹೆದರಿ ದಿನವಿಡೀ ನೀರು ಕುಡಿಯದೆ ಕುಳಿತ ಹೆಣ್ಣುಮಗಳಿಗೆ ಪಾಠ ತಲೆಗೆ ಹತ್ತೀತೇ? ತಾಯಂದಿರು ಬಲ್ಲ ಈ ಮಾತನ್ನು ನಕ್ಷೆ ಬರೆಯುವವರೂ ಅರಿಯಬೇಕು.

ನೆಲದ ಗುಣವನ್ನೂ ಮರೆಯಲಾಗದು. ಎರೆಮಣ್ಣು ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಬಿರಿಯುತ್ತದೆ. ಮಣ್ಣು ಪರೀಕ್ಷಿಸದೆ ಪಾಯ ಹಾಕಿದರೆ ಗೋಡೆಯೂ ಬಿರಿಯುತ್ತದೆ. ನಮ್ಮ ಬಿಸಿಲಿಗೆ ಪಶ್ಚಿಮದ ಗಾಜು ಶತ್ರು. ಕಟ್ಟಡದ ಉದ್ದನೆಯ ಮೈ ಉತ್ತರ ದಕ್ಷಿಣಕ್ಕೆ ಮುಖ ಮಾಡಲಿ, ಎದುರುಬದುರು ಕಿಟಕಿಗಳಿರಲಿ, ಮುಂದೆ ಅಗಲವಾದ ಪಡಸಾಲೆ, ಅಂಗಳದಲ್ಲಿ ಬೇವಿನ ಮರವಿರಲಿ. ನೆಲಕ್ಕೆ ಹಾಸಲು ತಾಂಡೂರಿನ ಕಲ್ಲು ಹತ್ತಿರದಲ್ಲೇ ಇದೆ.

ಹೀಗೆ ಯೋಚಿಸಿ ಕಟ್ಟಿದ ನಿದರ್ಶನಕ್ಕಾಗಿ ದೂರ ಹೋಗಬೇಕಿಲ್ಲ. ನಮ್ಮ ಸೀಮೆ ಹೈದರಾಬಾದ್ ಸಂಸ್ಥಾನದಲ್ಲಿದ್ದಾಗ, ಉಸ್ಮಾನಿಯಾ ವಿಶ್ವವಿದ್ಯಾಲಯದ ಕಟ್ಟಡಗಳಿಗಾಗಿ ಜೈನ್ ಯಾರ್ ಜಂಗ್ ಮತ್ತು ಸೈಯದ್ ಅಲಿ ರಜಾ ಎಂಬ ಇಬ್ಬರು ಶಿಲ್ಪಿಗಳನ್ನು ಮೊದಲು ದೇಶವಿದೇಶಗಳ ವಿಶ್ವವಿದ್ಯಾಲಯಗಳನ್ನು ನೋಡಿಬರಲು ಕಳುಹಿಸಲಾಯಿತು. ಬಳಿಕ ಬೆಲ್ಜಿಯಂನ ಅರ್ನೆಸ್ಟ್ ಜಾಸ್ಪರ್ ಅವರ ವಿನ್ಯಾಸದಲ್ಲಿ ಕಣಶಿಲೆಯ ಕಲಾ ಕಾಲೇಜು ಎದ್ದು 1939ರಲ್ಲಿ ಉದ್ಘಾಟನೆಗೊಂಡಿತು. ಅಷ್ಟು ಸಂಪತ್ತು ನಮ್ಮಲ್ಲಿಲ್ಲ, ನಿಜ. ಆದರೆ ಕಟ್ಟುವ ಮೊದಲು ನೋಡಿ, ಕೇಳಿ, ಅಳೆಯುವ ವಿವೇಕಕ್ಕೆ ಸಂಪತ್ತು ಬೇಕಿಲ್ಲ.

ಆದುದರಿಂದ ಅಡಿಗಲ್ಲು ಇಡುವ ಮುನ್ನ ನಾವು ಮೂರು ಕೆಲಸ ಮಾಡೋಣ: ಮಣ್ಣಿನ ಪರೀಕ್ಷೆ ಮಾಡಿಸೋಣ, ಮುಂದಿನ ಹತ್ತು ವರ್ಷಕ್ಕೆ ಬರಬಹುದಾದ ಮಕ್ಕಳ ಲೆಕ್ಕ ಹಾಕೋಣ, ನಕ್ಷೆಯನ್ನು ಹೆಣ್ಣುಮಕ್ಕಳ ಮುಂದೆ, ಅಂಗವಿಕಲ ಮಕ್ಕಳ ಮುಂದೆ ಹರಡಿ, ಏನು ಕೊರತೆಯಿದೆ ಎಂದು ಕೇಳೋಣ. ಕಮಾನು ಮುಂದಿನ ವರ್ಷವೂ ಆದೀತು. ಮೊದಲು ದೇಣಿಗೆ ಮೆಟ್ಟಿಲಿಗೆ, ನೀರಿಗೆ, ನೆರಳಿಗೆ ಸಲ್ಲಲಿ.