ಮೂಲಕ್ಕೆ ಮರಳುವ ನಕ್ಷೆ

ಹಳಗನ್ನಡ ಪದ್ಯಕ್ಕೆ ಅನ್ವಯ ಬರೆಯಿಸುವಾಗ, ಗದ್ಯಕ್ರಮದಲ್ಲಿ ಜೋಡಿಸಿದ ಪ್ರತಿ ಪದದ ಮೇಲೂ ಅದು ಪದ್ಯದಲ್ಲಿ ಎಷ್ಟನೆಯದೆಂಬ ಅಂಕಿಯನ್ನು ಹಾಕಿಸುವುದುಂಟು. ಅರ್ಥ ಎಲ್ಲಿಯೋ ತಪ್ಪಿತೆಂದರೆ ಆ ಅಂಕಿಯನ್ನು ಹಿಡಿದು ಪದ್ಯಕ್ಕೆ ಹಿಂದಿರುಗಬಹುದು. ಕಂಪ್ಯೂಟರಿಗೆ ಪ್ರೋಗ್ರಾಂ ಬರೆಯುವವರೂ ಇಂಥ ಅಂಕಿಗಳನ್ನೇ ನೆಚ್ಚಿದ್ದಾರೆಂದರೆ ಶ್ರೋತೃಗಳಿಗೆ ಸೋಜಿಗವಾದೀತು.

ನಾವು ಫೋನಿನಲ್ಲಿ ತೆರೆಯುವ ಪುಟಗಳನ್ನು ನಡೆಯಿಸುವ ಭಾಷೆಗೆ ಜಾವಾಸ್ಕ್ರಿಪ್ಟ್ ಎಂದು ಹೆಸರು. ಆದರೆ ಬರೆದವರು ಬರೆದಂತೆಯೇ ಅದು ನಮ್ಮ ಮನೆಗೆ ಬರುವುದು ಅಪರೂಪ. ಅವರು ಟೈಪ್‌ಸ್ಕ್ರಿಪ್ಟಿನಂಥ ಇನ್ನೊಂದು ಭಾಷೆಯಲ್ಲಿ, ಹತ್ತಾರು ಕಡತಗಳಲ್ಲಿ, ಉದ್ದುದ್ದ ಹೆಸರುಗಳನ್ನಿಟ್ಟು, ಟಿಪ್ಪಣಿಗಳ ಸಮೇತ ಬರೆದಿರುತ್ತಾರೆ. ಬೇಗನೆ ಬಂದು ಮುಟ್ಟಲೆಂದು ಯಂತ್ರವು ಅದನ್ನೆಲ್ಲ ಜಾವಾಸ್ಕ್ರಿಪ್ಟಿಗೆ ತಿರುಗಿಸಿ, ಒಂದೇ ಕಡತವಾಗಿ ಕೂಡಿಸಿ, ಟಿಪ್ಪಣಿಗಳನ್ನೂ ಖಾಲಿ ಜಾಗಗಳನ್ನೂ ತೆಗೆದು, ಉದ್ದನೆಯ ಹೆಸರನ್ನು ಒಂದಕ್ಷರಕ್ಕೆ ಇಳಿಸುತ್ತದೆ. ಹೀಗಾಗಿ ಟಿಕೆಟ್ಟು ಕಾದಿರಿಸುವ ಗುಂಡಿಯನ್ನು ಒತ್ತಿದಾಗ ಕೆಲಸ ಕೆಟ್ಟರೆ, ವರದಿಯಲ್ಲಿ ಬರುವುದು ‘1ನೆಯ ಸಾಲು, 48210ನೆಯ ಅಕ್ಷರಸ್ಥಾನ’ ಎಂದು! ತಿದ್ದಬೇಕಾದವನು ಎಲ್ಲಿಗೆ ಹೋಗಬೇಕು?

ಇದಕ್ಕೆಂದೇ ಇರುವುದು ಸೋರ್ಸ್ ಮ್ಯಾಪ್, ಅಂದರೆ ಮೂಲದ ನಕ್ಷೆ. ಯೋಚನೆ ಹೊಸದಲ್ಲ, ಮೂಲದ ಸಾಲನ್ನು ಸೂಚಿಸುವ ‘ಲೈನ್’ ಎಂಬ ನಿರ್ದೇಶವು ಸಿ ಭಾಷೆಯಲ್ಲಿ ಬಹು ಹಿಂದಿನಿಂದಲೂ ಇದೆ. ಎಲ್ಲವೂ ಒಂದೇ ಸಾಲಾದ ಮೇಲೆ ಸಾಲಿನ ಸಂಖ್ಯೆಯೊಂದೇ ಸಾಲದು. ಈಗ ಬಳಕೆಯಲ್ಲಿರುವ ಮೂರನೆಯ ಆವೃತ್ತಿಯನ್ನು 2011ರಲ್ಲಿ ಗೂಗಲ್ ಮತ್ತು ಮೊಜಿಲ್ಲಾದ ಇಂಜಿನಿಯರುಗಳು ರೂಪಿಸಿದರು. 2024ರ ಡಿಸೆಂಬರಿನಲ್ಲಿ ಅದು ಎಕ್ಮಾ 426 ಎಂಬ ಮಾನಕವಾಯಿತು. ಸಿದ್ಧ ಕಡತದ ಈ ಅಕ್ಷರಸ್ಥಾನವು ಯಾವ ಮೂಲಕಡತದ, ಎಷ್ಟನೆಯ ಸಾಲಿನ, ಎಷ್ಟನೆಯ ಅಕ್ಷರದಿಂದ ಬಂದಿತೆಂದು ಅದರ ನಮೂದು ಹೇಳುತ್ತದೆ. ಕೆಲವೊಮ್ಮೆ ಮೊದಲಿನ ಹೆಸರನ್ನೂ ಹೇಳುತ್ತದೆ. ಅಲ್ಪವಿರಾಮಕ್ಕೆ ಒಂದು ನಮೂದು ಮುಗಿಯುತ್ತದೆ, ಅರ್ಧವಿರಾಮಕ್ಕೆ ಒಂದು ಸಾಲು ಮುಗಿಯುತ್ತದೆ. ವ್ಯಾಕರಣದ ಮೇಷ್ಟರಿಗೆ ಇದಕ್ಕಿಂತ ಸಂತೋಷವುಂಟೆ! ಜಾಗ ಉಳಿಯಲೆಂದು ಪೂರ್ಣ ಸಂಖ್ಯೆಯನ್ನು ಬರೆಯದೆ, ಹಿಂದಿನ ನಮೂದಿಗಿಂತ ಎಷ್ಟು ಹೆಚ್ಚು ಕಡಿಮೆ ಎಂಬುದನ್ನಷ್ಟೇ ಬರೆಯುತ್ತಾರೆ. ನಡುವೆ ಒಂದು ಕೆಟ್ಟರೆ ಮುಂದಿನವೂ ದಾರಿ ತಪ್ಪುತ್ತವೆ.

ರೂಪಾಂತರವು ಎರಡು ಮೂರು ಹಂತಗಳಲ್ಲಿ ನಡೆಯುವಾಗ, ಪ್ರತಿ ಹಂತವೂ ಹಿಂದಿನ ನಕ್ಷೆಯನ್ನು ತನ್ನದರೊಡನೆ ಹೊಂದಿಸಬೇಕು. ಇಲ್ಲವಾದರೆ ದಾರಿ ನಡುವೆಯೇ ನಿಲ್ಲುತ್ತದೆ. ಇದಕ್ಕಿಂತಲೂ ಕೆಟ್ಟದ್ದು ಹಳೆಯ ನಕ್ಷೆ. ಪ್ರೋಗ್ರಾಂ ಬದಲಾಗಿ ನಕ್ಷೆ ನಿನ್ನೆಯದಾಗಿದ್ದರೆ, ಅದು ಸ್ವಲ್ಪವೂ ಅಳುಕದೆ ನಿರಪರಾಧಿಯಾದ ಸಾಲಿನತ್ತ ಕೈತೋರುತ್ತದೆ. ಇಂಥದಕ್ಕಿಂತ ನಕ್ಷೆಯೇ ಇಲ್ಲದಿರುವುದು ಮೇಲೆಂದು ನನ್ನ ಮತ.

ನಕ್ಷೆಯಲ್ಲಿ ಮೂಲಪಾಠವನ್ನೇ ಪೂರ್ತಿಯಾಗಿ ಸೇರಿಸಲೂಬಹುದು. ಅದನ್ನು ಎಲ್ಲರಿಗೂ ಸಿಗುವಂತಿಟ್ಟರೆ ಒಳಗಿನ ಟಿಪ್ಪಣಿಗಳನ್ನು ಯಾರು ಬೇಕಾದರೂ ಓದಬಹುದು. ಆದ್ದರಿಂದ ಅನೇಕರು ನಕ್ಷೆಯನ್ನು ತಮ್ಮಲ್ಲಿಯೇ ಉಳಿಸಿಕೊಂಡು, ವರದಿ ಬಂದಾಗ ಮಾತ್ರ ತೆರೆದು ನೋಡುತ್ತಾರೆ. ಆಗ ಪ್ರತಿ ಬಿಡುಗಡೆಯ ನಕ್ಷೆಯನ್ನೂ ಬೇರೆಬೇರೆಯಾಗಿ ಜೋಪಾನ ಮಾಡಬೇಕಾಗುತ್ತದೆ. ಮಂಗಳವಾರ ತೆರೆದ ಪುಟವನ್ನು ಮುಚ್ಚದೆ ಬಿಟ್ಟವರ ಮನೆಯಿಂದ ಶುಕ್ರವಾರ ದೋಷದ ವರದಿ ಬಂದರೆ, ಬೇಕಾಗುವುದು ಮಂಗಳವಾರದ ನಕ್ಷೆಯೇ.